ಗೋಕರ್ಣದ ದಂಡೆಯಲ್ಲಿ ಒಂದು ದಿನದ ನಡಿಗೆ



ಕಳೆದ ತಿಂಗಳು ಕೌಜಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಹಳೆಯ ವಿದ್ಯಾರ್ಥಿಗಳ ಒಂದು ಸಣ್ಣ ಸಭೆಯೇ ನೆರೆದಿತ್ತು. ಎಲ್ಲರ ತಲೆಯಲ್ಲೂ ಈಗ ಬೆಳ್ಳಿಯ ಎಳೆಗಳು. ಕೆಲವರಿಗೆ ಮೊಮ್ಮಕ್ಕಳೂ ಆಗಿದ್ದಾರೆ. ಚಹಾ ಕುಡಿಯುತ್ತ ಒಬ್ಬನು ಮಾತು ತೆಗೆದನು: “ಸರ, ಇಷ್ಟು ವರ್ಷ ನಕಾಶೆದಾಗ ಕಡ್ಡಿ ಹಿಡದು ಸಮುದ್ರ ತೋರಿಸಿದ್ರಿ. ಈಗ ಕರಕೊಂಡು ಹೋಗಿ ತೋರಿಸ್ರಿ. ಒಂದು ದಿನದ ಹಾದಿ ಇರಲಿ, ಬಾಳ ದಣಿವು ಆಗಬಾರದು. ಮನೀ ಮಂದಿ, ಸಣ್ಣ ಮಕ್ಕಳು ಎಲ್ಲಾರೂ ಬರ್ತಾರ. ಹೆಂಗ ಹೋಗಬೇಕು, ಯಾವಾಗ ಹೋಗಬೇಕು, ನೀವಾ ಬರದು ಕೊಡ್ರಿ.”

ನಾನು ಕೂಡಲೇ ಒಪ್ಪಲಿಲ್ಲ. ಅದಕ್ಕೆ ಒಂದು ಹಳೆಯ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ಆದರೆ ಅವರು ಹೋದ ಮೇಲೆ ಆ ರಾತ್ರಿ ನಿದ್ರೆ ಬರಲಿಲ್ಲ. ಇತಿಹಾಸ ಪಾಠ ಮಾಡಿದವನ ರೋಗವೇ ಅದು. ಒಂದು ಊರಿಗೆ ಹೋಗಬೇಕೆಂದರೆ, ನಮಗಿಂತ ಮುಂಚೆ ಅಲ್ಲಿಗೆ ಯಾರು ಹೋಗಿದ್ದರು, ಹೇಗೆ ಹೋದರು ಎಂದು ತಿಳಿಯದೆ ಕಾಲು ಏಳುವುದಿಲ್ಲ. ಆದ್ದರಿಂದ ಅವರು ಕೇಳಿದ್ದು ಒಂದು ದಿನದ ನಡಿಗೆಯ ಯೋಜನೆ, ನಾನು ಬರೆಯುತ್ತಿರುವುದು ಇಷ್ಟು ಉದ್ದದ ಲೇಖನ. ಸಹಿಸಿಕೊಳ್ಳಿರಿ.

ನಮ್ಮದು ಎರೆಯ ನೆಲ. ನಮ್ಮ ಘಟಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ, ಅರಬ್ಬಿ ಸಮುದ್ರಕ್ಕೆ ತೀರ ಸಮೀಪದಲ್ಲಿ. ಆದರೆ ಆಕೆ ಆ ಸಮುದ್ರಕ್ಕೆ ಬೆನ್ನು ತಿರುಗಿಸಿ, ಗೋಕಾಕದ ಬಂಡೆಯಿಂದ ಧುಮುಕಿ, ಮೂಡಣಕ್ಕೆ ಹರಿದು ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ನಮ್ಮ ಬದುಕೂ ಹಾಗೆಯೇ. ಹತ್ತಿರದ ಸಮುದ್ರವನ್ನು ಕಾಣದೆ ಆಯುಷ್ಯ ಮುಗಿಸಿದವರು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ. ಕೌಜಲಗಿ ನಿಂಗಮ್ಮನವರ ಹೆಸರಿನಿಂದ ಪ್ರಸಿದ್ಧವಾದ ಶ್ರೀಕೃಷ್ಣ ಪಾರಿಜಾತ ನಮ್ಮ ಸೀಮೆಯ ಆಟ. ಅದರಲ್ಲಿ ದ್ವಾರಕೆ ಬರುತ್ತದೆ. ದ್ವಾರಕೆಯೆಂದರೆ ಸಮುದ್ರದ ನಡುವಿನ ಪಟ್ಟಣ. ಸುಗ್ಗಿ ಮುಗಿದ ಬಯಲಿನಲ್ಲಿ ಕಂಬಳಿ ಹಾಸಿಕೊಂಡು ಕುಳಿತು, ಸಮುದ್ರವನ್ನೇ ನೋಡದ ಜನರು ಬೆಳಗಿನವರೆಗೆ ದ್ವಾರಕೆಯಲ್ಲಿ ಇದ್ದು ಬರುತ್ತಿದ್ದರು.

ಹಾಗಿದ್ದರೆ ನಮಗೂ ಕಡಲಿಗೂ ನಂಟೇ ಇರಲಿಲ್ಲವೆ? ಇತ್ತು. ಮೂರು ಎಳೆಗಳ ನಂಟು: ದೇವರು, ಹತ್ತಿ ಮತ್ತು ಉಪ್ಪು. ಈ ಮೂರರ ಸಲುವಾಗಿ ಘಟ್ಟದ ಮೇಲಿನ ಜನ ಕೆಳಗಿಳಿದರು, ಕೆಳಗಿನವರು ಮೇಲೇರಿದರು. ನಮ್ಮ ಒಂದು ದಿನದ ನಡಿಗೆಯನ್ನು ಯೋಜಿಸುವ ಮೊದಲು ಅವರ ಸಿದ್ಧತೆ ಹೇಗಿತ್ತೆಂದು ನೋಡೋಣ.

ಮೊದಲನೆಯದು ದೇವರ ದಾರಿ. ಗೋಕರ್ಣದ ಹೆಸರು ಮಹಾಭಾರತದ ವನಪರ್ವದಲ್ಲಿದೆ. ಕಾಳಿದಾಸನ ರಘುವಂಶದಲ್ಲಿ ನಾರದನು ಹೊರಡುವುದು ಕಡಲ ತೀರದ ಗೋಕರ್ಣದ ಶಿವನ ಸೇವೆಗಾಗಿ. ಮಹಾಬಲೇಶ್ವರನ ದರ್ಶನಕ್ಕೆ ನಮ್ಮ ಕಡೆಯ ಜನ ಶಿವರಾತ್ರಿಗೆ ಹೋಗುತ್ತಿದ್ದರು. ಬಸ್ಸುಗಳು ಬರುವ ಮೊದಲು ಅದು ದಿನಗಟ್ಟಲೆಯ ಪ್ರಯಾಣ. ಚಕ್ಕಡಿ ಹೂಡಿ, ಕಟಿಯಾದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿ, ಗುಂಪಾಗಿ ಹೊರಡುವುದು. ಒಬ್ಬೊಬ್ಬರೇ ಹೊರಡುತ್ತಿರಲಿಲ್ಲ. ಕಾಡಿನ ದಾರಿ, ಘಟ್ಟದ ಇಳಿಜಾರು. ಮುಂಚೆ ಹೋಗಿ ಬಂದ ಹಿರಿಯನೊಬ್ಬನು ಜೊತೆಗಿರಲೇಬೇಕು. ಕ್ಷೇತ್ರ ತಲುಪಿದ ಮೇಲೆ ಎಲ್ಲಿ ಇಳಿಯಬೇಕು, ಕೋಟಿತೀರ್ಥದಲ್ಲಿ ಯಾವಾಗ ಮೀಯಬೇಕು, ಕಡಲಸ್ನಾನ ಎಲ್ಲಿ ಎಂಬುದನ್ನೆಲ್ಲ ಅಲ್ಲಿನ ಪುರೋಹಿತರ ಮನೆಯವರು ಹೇಳುತ್ತಿದ್ದರು. ಎಂದರೆ, ದಾರಿಯಲ್ಲಿ ಒಬ್ಬ ತಿಳಿದವನು, ಊರಲ್ಲಿ ಒಬ್ಬ ತಿಳಿದವನು. ಇವರಿಬ್ಬರ ಮಾತು ಮೀರಿ ಯಾತ್ರಿಕನು ಹೆಜ್ಜೆ ಇಡುತ್ತಿರಲಿಲ್ಲ.

ಈ ಯಾತ್ರೆಯ ದಟ್ಟಣೆಯನ್ನು ಹೊರಗಿನವರೂ ಕಂಡಿದ್ದಾರೆ. ಜಾನ್ ಫ್ರಾಯರ್ ಎಂಬ ಇಂಗ್ಲಿಷ್ ವೈದ್ಯನು 1676ರಲ್ಲಿ ಗೋಕರ್ಣಕ್ಕೆ ಬಂದು ಇಲ್ಲಿನ ಜಾತ್ರೆಯ ಬಗ್ಗೆ ಬರೆದನು. ಟಿಪ್ಪುವಿನ ಪತನದ ನಂತರ ವೆಲ್ಲೆಸ್ಲಿಯ ಆಜ್ಞೆಯಂತೆ ಹೊರಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕನ್ನಡ ಕರಾವಳಿಯುದ್ದಕ್ಕೂ ಸಾಗುತ್ತ ಗೋಕರ್ಣ, ಅಂಕೋಲೆಗಳನ್ನು ನೋಡಿದನು. ಅವನ ಗ್ರಂಥ ಅಚ್ಚಾದುದು 1807ರಲ್ಲಿ. ಬುಕಾನನ್ ಕಂಪನಿ ಸರಕಾರದ ಕಣ್ಣಾಗಿ ಬಂದವನು. ಅವನ ಅಭಿಪ್ರಾಯಗಳನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ಅವನಲ್ಲಿ ಒಂದು ಗುಣವಿತ್ತು. ಹೋದ ಕಡೆಯಲ್ಲೆಲ್ಲ ರೈತನನ್ನು, ವ್ಯಾಪಾರಿಯನ್ನು, ಅರ್ಚಕನನ್ನು ಕೂಡಿಸಿಕೊಂಡು ಕೇಳುತ್ತಿದ್ದನು. ಯಾವ ಬೆಳೆ, ಎಷ್ಟು ಕೊಳಗ, ಯಾವ ತೆರಿಗೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದನು. ಇನ್ನೂರು ವರ್ಷಗಳ ನಂತರವೂ ಅವನ ಬರಹ ಉಪಯೋಗಕ್ಕೆ ಬರುತ್ತಿರುವುದು ಆ ಕೇಳುವ ಗುಣದಿಂದಲೇ.

ಎರಡನೆಯದು ಹತ್ತಿಯ ದಾರಿ. ಧಾರವಾಡ ಸೀಮೆಯ ಎರೆ ಭೂಮಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿ, ದೇವಿಮನೆ ಘಟ್ಟಗಳ ಮೂಲಕ ಕುಮಟಾ ಬಂದರಕ್ಕೆ ಇಳಿದು, ಅಲ್ಲಿಂದ ಹಡಗೇರಿ ಮುಂಬೈಗೆ ಹೋಗುತ್ತಿತ್ತು. ನಮ್ಮ ಬೆಳಗಾವಿ ಕಡೆಯ ಸರಕಿಗೆ ಹತ್ತಿರದ ಬಂದರ ವೆಂಗುರ್ಲಾ. ಬೆಳೆದದ್ದು ಬಯಲು ಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಬಂದ ಹೆಸರು ಬಂದರದ್ದು. ಅದು ‘ಕುಮಟಾ ಹತ್ತಿ’ ಎಂದೇ ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಅದೇ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಬಂದರವೂ ಒಂದೇ ಆಡಳಿತದಲ್ಲಿರಲಿ ಎಂಬ ವರ್ತಕರ ಒತ್ತಾಯ ಅದರ ಹಿಂದಿತ್ತು. ಹೀಗೆ ಬೆಳಗಾವಿ, ಧಾರವಾಡ, ವಿಜಾಪುರಗಳ ಜೊತೆ ಉತ್ತರ ಕನ್ನಡವೂ ಮುಂಬೈ ಕರ್ನಾಟಕವಾಯಿತು; 1956ರಲ್ಲಿ ಒಟ್ಟಿಗೆ ಏಕೀಕೃತ ರಾಜ್ಯವನ್ನು ಸೇರಿತು; 2021ರಲ್ಲಿ ಕಿತ್ತೂರು ಕರ್ನಾಟಕವೆಂಬ ಹೆಸರನ್ನೂ ಒಟ್ಟಿಗೇ ಪಡೆಯಿತು. ಇಂದು ಗೋಕರ್ಣದವರೂ ನಾವೂ ಒಂದೇ ವಿಭಾಗದ ಜನರಾಗಿರುವುದಕ್ಕೆ ಹತ್ತಿಯ ಅಂಡಿಗೆಯೂ ಒಂದು ಕಾರಣ ಎಂದರೆ ನಿಮಗೆ ನಗು ಬರಬಹುದು; ಆದರೆ ಅದು ನಿಜ.

ಈ ಗಾಡಿಕಾರರ ಸಿದ್ಧತೆಯಲ್ಲಿ ನಾವು ಕಲಿಯಬೇಕಾದದ್ದು ಕಾಲಜ್ಞಾನ. ಕುಮಟಾದಂಥ ಬಂದರಗಳು ಮಳೆಗಾಲದಲ್ಲಿ ಮುಚ್ಚುತ್ತಿದ್ದವು. ಜೂನ್ ತಿಂಗಳಿಂದ ಮುಂದೆ ಕಡಲು ಹಡಗುಗಳನ್ನು ಬರಗೊಡುತ್ತಿರಲಿಲ್ಲ. ಬಿಡಿಸಿದ ಹತ್ತಿಯನ್ನು ಮಳೆ ಬೀಳುವ ಮೊದಲೇ ದಂಡೆಗೆ ಮುಟ್ಟಿಸದಿದ್ದರೆ ವರ್ಷದ ದುಡಿಮೆ ಗೋದಾಮಿನಲ್ಲಿ ಕೊಳೆಯುವುದು. ಆದ್ದರಿಂದ ಸಮುದ್ರವನ್ನು ಎಂದೂ ನೋಡದ ಬಯಲಿನ ರೈತನೂ ಸಮುದ್ರದ ಕ್ಯಾಲೆಂಡರಿಗೆ ತನ್ನ ಹೊಲದ ಕೆಲಸವನ್ನು ಹೊಂದಿಸಿಕೊಳ್ಳಬೇಕಾಯಿತು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡ ನಂತರ ಗೋವೆಯ ಮುರಗಾಂವ ಬಂದರಕ್ಕೆ ರೈಲು ಬಂದಿತು; 1880ರ ದಶಕದ ಕೊನೆಗೆ ನಮ್ಮ ಕಡೆಯ ಸರಕು ಆ ಹಾದಿ ಹಿಡಿಯಿತು. ಕುಮಟೆಯ ವೈಭವ ಇಳಿಯಿತು. ಹುಬ್ಬಳ್ಳಿಯಿಂದ ನೇರವಾಗಿ ಅಂಕೋಲೆಗೆ ರೈಲು ಬೇಕೆಂಬ ಬೇಡಿಕೆ ಮಾತ್ರ ನನ್ನ ಜೀವಮಾನದುದ್ದಕ್ಕೂ ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇನೆ.

ಮೂರನೆಯದು ಉಪ್ಪಿನ ದಾರಿ. ಕರಾವಳಿಯ ಉಪ್ಪನ್ನು ಎತ್ತುಗಳ ಬೆನ್ನಿಗೆ ಹೇರಿ ಘಟ್ಟ ಹತ್ತಿಸಿ ತಂದವರಲ್ಲಿ ಲಮಾಣಿಗರು ಮುಖ್ಯರು. ಹೋಗುವಾಗ ಧಾನ್ಯ, ಬರುವಾಗ ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಇಂದಿಗೂ ಅಘನಾಶಿನಿಯ ಉಪ್ಪುನೀರನ್ನು ಗದ್ದೆಗಳಿಗೆ ಹಾಯಿಸಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲೆ ತೆರಿಗೆಯಿತ್ತು. ಪರವಾನಿಗೆಯಿಲ್ಲದೆ ಉಪ್ಪು ಮಾಡಿದರೂ, ದಂಡೆಯಲ್ಲಿ ತಾನಾಗಿ ಮೂಡಿದ್ದನ್ನು ಹೆಕ್ಕಿದರೂ ಅಪರಾಧ. ನಮ್ಮ ಅಜ್ಜಿಯ ಗಡಿಗೆಯ ಉಪ್ಪಿನಲ್ಲೂ ಸರಕಾರದ ಪಾಲಿತ್ತು.

1930ರ ಮಾರ್ಚ್ 12ರಂದು ಗಾಂಧೀಜಿಯವರು 78 ಸಂಗಡಿಗರೊಡನೆ ಸಾಬರಮತಿಯಿಂದ ಹೊರಟು ಏಪ್ರಿಲ್ 5ರಂದು ದಾಂಡಿಯನ್ನು ತಲುಪಿ, ಮರುದಿನ ಉಪ್ಪಿನ ಕಾನೂನನ್ನು ಮುರಿದ ಕಥೆಯನ್ನು ನಿಮಗೆಲ್ಲ ಪಾಠ ಮಾಡಿದ್ದೇನೆ. ಆ ತಂಡದಲ್ಲಿದ್ದ ಕನ್ನಡಿಗ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಇನ್ನೂ ಇಪ್ಪತ್ತು ತುಂಬದ ಹುಡುಗ. 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಮಹಾದೇವಪ್ಪನವರೇ ಅವರು. ಆದರೆ ಪರೀಕ್ಷೆಗೆ ಬರುವುದಿಲ್ಲವೆಂದು ನಾನು ತರಗತಿಯಲ್ಲಿ ಬಿಟ್ಟುಬಿಟ್ಟಿದ್ದ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. ಸುಮಾರು 385 ಕಿಲೋಮೀಟರ್ ದೂರದ ಆ ನಡಿಗೆ ಉತ್ಸಾಹದ ಭರದಲ್ಲಿ ಹೊರಟದ್ದಲ್ಲ. ‘ಅರುಣ ತುಕಡಿ’ ಎಂಬ ವಿದ್ಯಾರ್ಥಿಗಳ ಒಂದು ಮುಂಗಡ ತಂಡ ಪ್ರತಿ ಊರಿಗೂ ಮೊದಲೇ ಹೋಗಿ, ಅಲ್ಲಿನ ಜನಸಂಖ್ಯೆ, ನೀರು, ಇಳಿದುಕೊಳ್ಳುವ ಜಾಗ, ಊರಿನ ಕಷ್ಟಸುಖ ಇವನ್ನು ಕೇಳಿ ಬರೆದಿಡುತ್ತಿತ್ತು. ಸೋಮವಾರ ವಿಶ್ರಾಂತಿ. ಊಟ ಸರಳವಾಗಿರಬೇಕೆಂದು ಊರಿನವರಿಗೆ ಮುಂಚೆಯೇ ಸೂಚನೆ. ಅರವತ್ತು ದಾಟಿದ ಒಬ್ಬರು ಆ ಬಿಸಿಲಿನಲ್ಲಿ 24 ದಿನ ನಡೆದು ಮುಟ್ಟಿದ್ದು ಸಂಕಲ್ಪಬಲದಿಂದ ಹೌದು. ಅಷ್ಟೇ ಮಟ್ಟಿಗೆ ಆ ಹುಡುಗರು ಮುಂದಾಗಿ ಹೋಗಿ ಕೇಳಿಕೊಂಡು ಬಂದುದರಿಂದ.

ಕರ್ನಾಟಕದಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಆರಿಸಿದ ಸ್ಥಳ ಅಂಕೋಲೆ. ಗೋಕರ್ಣದಿಂದ ಉತ್ತರಕ್ಕೆ ಗಂಗಾವಳಿ ನದಿಯನ್ನು ದಾಟಿದರೆ ಸಿಗುವ ಊರು. 1930ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್ ದುರಂತದ ದಿನ, ಎಂ. ಪಿ. ನಾಡಕರ್ಣಿಯವರು ಅಪಾರ ಜನಸ್ತೋಮದ ಮುಂದೆ ಕಾನೂನನ್ನು ಮುರಿದರು. ಅಂದು ಚೈತ್ರ ಹುಣ್ಣಿಮೆಯೂ ಆಗಿತ್ತು. ಮರುವರ್ಷ ಮಾರ್ಚ್ ತಿಂಗಳಿನ ಗಾಂಧಿ-ಇರ್ವಿನ್ ಒಪ್ಪಂದದಿಂದ ದಂಡೆಯ ಬಡವರಿಗೆ ಮನೆಬಳಕೆಯ ಉಪ್ಪು ಮಾಡಿಕೊಳ್ಳುವ ಅವಕಾಶ ದೊರೆಯಿತು. ಮುಂದೆ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲೆಯ ರೈತರು ಭೂಮಿ ಕಳೆದುಕೊಂಡು, ಸೆರೆಮನೆ ಸೇರಿ, ತಮ್ಮ ಊರಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರನ್ನು ಸಂಪಾದಿಸಿದರು.

ಇಷ್ಟೆಲ್ಲ ಓದಿ, ಪಾಠ ಮಾಡಿ, ನಾನು ಏನು ಮಾಡಿದೆನು? ಈಗ ಆ ಹಳೆಯ ಕಾರಣವನ್ನು ಹೇಳಲೇಬೇಕು.

1984ರಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯ 31 ಹುಡುಗರನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗಿದ್ದೆನು. ಶಿವರಾತ್ರಿಯ ದರ್ಶನವಾಯಿತು. ಮರುದಿನ ಬೆಳಗ್ಗೆ ದಂಡೆಗುಂಟ ದಕ್ಷಿಣಕ್ಕೆ ನಡೆಯೋಣವೆಂದು ಹೊರಟೆವು. ಹುಡುಗರಿಗೆ ಮೊದಲ ಸಮುದ್ರ. ಅವರ ಸಂಭ್ರಮ ಹೇಳತೀರದು. ಕುಡ್ಲೆ ದಾಟಿ, ಓಂ ಆಕಾರದ ದಂಡೆಯನ್ನು ದಾಟಿ, ಮುಂದಿನ ಬಂಡೆಗಳ ಹತ್ತಿರ ಬಂದಾಗ ಹನ್ನೊಂದರ ಹೊತ್ತು. ಬಂಡೆಗಳ ಬುಡದಲ್ಲಿ ನೀರು ನೊರೆಯುತ್ತಿತ್ತು. ದೂರದಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬರು ಕೈ ಬೀಸಿ ಏನನ್ನೋ ಕೂಗಿದರು. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಬೇಕೆಂದು ನಾನು ನಿಲ್ಲಲೂ ಇಲ್ಲ. ಐದಾರು ಹುಡುಗರು ಮುಂದೆ ದಾಟಿದರು. ಅವರ ಹಿಂದಿನವನು ಹಾವಸೆಗಟ್ಟಿದ ಕಲ್ಲಿನ ಮೇಲೆ ಜಾರಿದನು. ಆ ಕ್ಷಣಕ್ಕೇ ಬಂದ ಅಲೆ ಅವನನ್ನು ಬಂಡೆಯ ಸಂದಿಗೆ ಎಳೆದುಕೊಂಡಿತು.

ಬಲೆಯವರು ಓಡಿಬಂದು ನೀರಿಗಿಳಿದು ಅವನನ್ನು ಎತ್ತಿ ತಂದರು. ಹುಡುಗನ ಎಡಗೈ ಮುರಿದಿತ್ತು, ಜೀವ ಉಳಿದಿತ್ತು. ಅವರು ನನ್ನನ್ನು ಬೈಯಲಿಲ್ಲ. ಉಸಿರು ಹಿಡಿದುಕೊಂಡು ಇಷ್ಟೇ ಕೇಳಿದರು: “ಮಾಸ್ತರ್ರೇ, ಇವತ್ತು ಅಮಾಸೆ. ನೀರು ಏರೂ ಹೊತ್ತು ಯಾವುದು ಅಂತ ಯಾರನ್ನಾದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ಚಂದ್ರನ ಸೆಳೆತದಿಂದ ಉಬ್ಬರವಿಳಿತಗಳಾಗುವುದನ್ನು ಪ್ರತಿವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದವನು ನಾನು. ಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ, ಅದರ ಮರುದಿನ ಅಮಾವಾಸ್ಯೆ, ಅಮಾವಾಸ್ಯೆಗೆ ಕಡಲು ಹೆಚ್ಚು ಉಬ್ಬುತ್ತದೆ. ಇವು ಮೂರೂ ನನಗೆ ಗೊತ್ತಿದ್ದವು. ಮೂರನ್ನೂ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ. ಊರಿಗೆ ಮರಳಿದ ಮೇಲೆ ಹುಡುಗನ ತಂದೆ ಬಂದರು. ನಾನು ಎರಡು ಮಾತು ಅನ್ನಿಸಿಕೊಳ್ಳಲು ಸಿದ್ಧನಾಗಿ ನಿಂತಿದ್ದೆನು. ಅವರು ನನ್ನ ಕೈ ಹಿಡಿದು, “ಸರ, ಹುಡುಗ ಕೈಗೆ ಸಿಕ್ಕಾನ, ಸಾಕ್ರಿ” ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಅಂದಿನಿಂದ ನಿವೃತ್ತಿಯವರೆಗೆ ನಾನು ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಲಿಲ್ಲ. ಬಾದಾಮಿ, ಐಹೊಳೆ, ಹಂಪಿ. ಕಲ್ಲಿನ ಊರುಗಳೇ ನನ್ನ ಪ್ರವಾಸಗಳಾದವು. ಅದನ್ನು ಎಚ್ಚರಿಕೆಯೆಂದು ಕರೆದುಕೊಂಡೆನು. ಈಗ ಯೋಚಿಸಿದರೆ ಅದು ಅಂಜಿಕೆ ಮಾತ್ರ. ಕೇಳದೆ ನಡೆದದ್ದು ನನ್ನ ಒಂದು ತಪ್ಪಾದರೆ, ಕೇಳಿ ನಡೆಯುವುದನ್ನು ಮಕ್ಕಳಿಗೆ ಕಲಿಸದೆ ಬಿಟ್ಟದ್ದು ಎರಡನೆಯ ತಪ್ಪು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲೆಯ ಪ್ರವಾಸದಲ್ಲಿ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಸಮುದ್ರಪಾಲಾದ ಸುದ್ದಿ ಓದಿದಾಗ ಪತ್ರಿಕೆ ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಬಯಲು ಸೀಮೆಯ ಮಕ್ಕಳಿಗೆ ಸಮುದ್ರ ನಮ್ಮ ಕೆರೆಯ ಹಾಗೆ ಕಾಣುತ್ತದೆ. ಅದು ಕೆರೆಯಲ್ಲ ಎಂದು ಹೇಳಬೇಕಾದವರು ನಾವು.

ಆದ್ದರಿಂದ ಈಗ ನಿಮ್ಮ ಯೋಜನೆಯನ್ನು ಬರೆಯುತ್ತೇನೆ. ಹಳಬರು ಕಲಿಸಿದ ಕ್ರಮದಲ್ಲಿಯೇ ಬರೆಯುತ್ತೇನೆ.

ಮೊದಲು ಋತು. ಗಾಡಿಕಾರರ ಪಾಠವಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ನೋಡುವುದು ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವೇ ಕುಸಿದು, ಚಹಾ ಅಂಗಡಿಯವರನ್ನೂ ವಾಹನಗಳನ್ನೂ ಗಂಗಾವಳಿಗೆ ನೂಕಿದ್ದನ್ನು ಮರೆಯಬಾರದು. ಮಾರ್ಚ್ ನಂತರ ಬಿಸಿಲು ಮತ್ತು ಸೆಕೆ. ಡಿಸೆಂಬರ್, ಜನವರಿಗಳೇ ಯೋಗ್ಯ. ಶಿವರಾತ್ರಿ ದರ್ಶನಕ್ಕಿರಲಿ, ಬಂಡೆಯ ಹಾದಿಗೆ ಆ ದಿನಗಳು ಬೇಡ.

ಎರಡನೆಯದು ತಿಥಿ. ಮನೆಯ ಪಂಚಾಂಗ ತೆಗೆಯಿರಿ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರಿಕೆಗೂ ಇಳಿತಕ್ಕೂ ನಡುವೆ ಆರು ತಾಸಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಇಂದಿನ ವೇಳೆ ನಾಳೆಗೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದುಗೂಡಿ ಉಬ್ಬರ ದೊಡ್ಡದು. ಅಷ್ಟಮಿಯ ಸುಮಾರಿಗೆ ಅವು ಒಂದಕ್ಕೊಂದು ಅಡ್ಡವಾಗಿ ಉಬ್ಬರ ಚಿಕ್ಕದು. ಅಮಾವಾಸ್ಯೆಗೆ ಬೆಳಗಿನ ಹನ್ನೊಂದರ ಆಸುಪಾಸಿನಲ್ಲಿ ನೀರು ಏರಿತ್ತೆಂದು ಇಟ್ಟುಕೊಂಡರೆ, ಅಷ್ಟಮಿಗೆ ಅದೇ ಹನ್ನೊಂದಕ್ಕೆ ನೀರು ಇಳಿದಿರುತ್ತದೆ. ಲೆಕ್ಕ ಮಾಡಿ ನೋಡಿರಿ, ಏಳೆಂಟು ದಿನ, ದಿನಕ್ಕೆ 50 ನಿಮಿಷ. ಆರು ತಾಸು ಸರಿಯುತ್ತದೆ. ಆದ್ದರಿಂದ ನಮ್ಮ ನಡಿಗೆಗೆ ಅಷ್ಟಮಿಯ ಹತ್ತಿರದ ಒಂದು ರಜಾದಿನ. ಆದರೆ ಇದು ಮನೆಯಲ್ಲಿ ಕುಳಿತು ಮಾಡಿದ ಲೆಕ್ಕ. ಹಿಂದಿನ ದಿನ ಸಂಜೆ ದಂಡೆಯ ಮೀನುಗಾರರನ್ನು ಕಂಡು ಕೇಳಲೇಬೇಕು. ಅವರ ಮಾತಿಗೂ ನನ್ನ ಲೆಕ್ಕಕ್ಕೂ ಭೇದ ಬಂದರೆ ಅವರ ಮಾತೇ ಸರಿ.

ಮೂರನೆಯದು ಪ್ರಯಾಣ. ಒಂದೇ ವಾಹನ ಗೊತ್ತುಮಾಡಿ, ಯರಗಟ್ಟಿ, ಸವದತ್ತಿ, ಧಾರವಾಡ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ ಘಟ್ಟವನ್ನು ಹಗಲಿನಲ್ಲಿಯೇ ಇಳಿಯಬೇಕು. ಅಂಕೋಲೆಯಲ್ಲಿ ಒಂದು ಗಳಿಗೆ ನಿಂತು, ಉಪ್ಪಿನ ಸತ್ಯಾಗ್ರಹದ ಊರು ಇದೆಂದು ಮಕ್ಕಳಿಗೆ ಹೇಳಿರಿ. ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸಾಗಿ ಮಾದನಗೇರಿಯಲ್ಲಿ ತಿರುಗಿದರೆ ಗೋಕರ್ಣ. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡಿರಿ. ಡಿಸೆಂಬರ್‌ನಲ್ಲಿ ರಾಶಿ ಬೀಳುವ ಕಾಲ ಇನ್ನೂ ಬಂದಿರುವುದಿಲ್ಲ. ಗದ್ದೆಗಳ ಕಟ್ಟೆ, ಕಾಲುವೆಗಳನ್ನಾದರೂ ಕಾಣಬಹುದು. ರಾತ್ರಿ ಊರಲ್ಲಿ ವಿಶ್ರಾಂತಿ.

ನಾಲ್ಕನೆಯದು ಹಾದಿ. ಒಟ್ಟು ಸುಮಾರು ಏಳೆಂಟು ಕಿಲೋಮೀಟರ್. ಒಂದೇ ದಿಕ್ಕು, ಮರಳಿ ನಡೆಯುವುದಿಲ್ಲ. ಬೆಳಗ್ಗೆ ಏಳಕ್ಕೆ ಮಹಾಬಲೇಶ್ವರನಿಗೆ ಕೈಮುಗಿದು, ಊರ ದಂಡೆಯ ದಕ್ಷಿಣದ ಗುಡ್ಡದ ಬಳಿ ರಾಮತೀರ್ಥದ ಸಿಹಿನೀರಿನ ಒರತೆಯನ್ನು ನೋಡಿ, ಚಿರೆಕಲ್ಲಿನ ಗುಡ್ಡ ಹತ್ತಿ ಇಳಿದರೆ ಕುಡ್ಲೆ. ಮತ್ತೊಂದು ಗುಡ್ಡ ದಾಟಿದರೆ ಓಂ ದಂಡೆ. ಮೇಲಿನಿಂದ ನೋಡಿದಾಗ ಅಕ್ಷರದ ಆಕಾರ ಸ್ಪಷ್ಟ. ಒಂಬತ್ತಕ್ಕೆ ಅಲ್ಲಿ ಬುತ್ತಿ ಬಿಚ್ಚೋಣ. ಅಲ್ಲಿಯವರೆಗೆ ವಾಹನ ಬರುವ ರಸ್ತೆಯಿದೆ. ದಣಿದವರೂ ಮೊಣಕಾಲು ನೋವಿನವರೂ ಅಲ್ಲಿಯೇ ನಿಲ್ಲಬಹುದು, ನಾಚಿಕೆಪಡಬೇಕಾಗಿಲ್ಲ. ಮುಂದೆ ಅರ್ಧಚಂದ್ರದ ದಂಡೆ, ಜನರು ಪ್ಯಾರಡೈಸ್ ಎಂದು ಕರೆಯುವ ದಂಡೆ, ಕೊನೆಗೆ ಬೇಲೆಕಾನ. ಈ ಭಾಗದಲ್ಲಿಯೇ ಬಂಡೆಗಳಿರುವುದು. ಹನ್ನೊಂದರ ಹೊತ್ತಿಗೆ, ನೀರು ಇಳಿದಾಗ, ಅಲ್ಲಿರಬೇಕು. ನೀರು ಬಂಡೆಯ ಬುಡಕ್ಕೆ ಬಡಿಯುತ್ತಿದ್ದರೆ ಗುಡ್ಡದ ಮೇಲಿನ ಕಾಲುದಾರಿ. ಅದೂ ಆಗದಿದ್ದರೆ ಹಿಂದಿರುಗುವುದು. ಬೇಲೆಕಾನದಲ್ಲಿ ವಾಹನ ಕಾದಿರಲಿ. ಚಾಲಕನಿಗೆ ಹಿಂದಿನ ದಿನವೇ ಜಾಗ ತೋರಿಸಿರಿ.

ಐದನೆಯದು ಗಂಟು. ತಲೆಗೆ ಎರಡು ಲೀಟರ್ ನೀರು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಸಂಜೆಗೆ ಗೋಕಾಕದ ಕರದಂಟು. ಹಿಡಿತವಿರುವ ಬೂಟು ಅಥವಾ ಪಟ್ಟಿಯ ಚಪ್ಪಲಿ, ತಲೆಗೆ ಟವೆಲು. ಒಂದು ಉದ್ದ ಹಗ್ಗ. ತಂದ ಕಾಗದ, ಬಾಟಲಿ ಮರಳಿ ನಿಮ್ಮ ಚೀಲಕ್ಕೇ.

ಆರನೆಯದು ನಿಯಮ, ಮೂರೇ ಇವೆ. ಸಮುದ್ರಸ್ನಾನ ಜೀವರಕ್ಷಕರಿರುವ ಕಡೆ, ಅವರು ಹೇಳಿದ ಗೆರೆಯವರೆಗೆ ಮಾತ್ರ. ಬಂಡೆಯ ಮೇಲೆ ನಿಂತು ಕಡಲಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವಂತಿಲ್ಲ. ಅಲ್ಲಿನವರು ಕೈ ಬೀಸಿ ಕೂಗಿದರೆ, ಎಲ್ಲರೂ ನಿಂತು, ಅವರು ಏನು ಹೇಳುತ್ತಿದ್ದಾರೆಂದು ತಿಳಿಯುವವರೆಗೆ ಮುಂದಿನ ಹೆಜ್ಜೆ ಇಡುವಂತಿಲ್ಲ.

ಸಾಲಿನ ಮುಂದೆ ಒಬ್ಬರು, ಕೊನೆಗೆ ಒಬ್ಬರು ಇರಬೇಕು. ಕೊನೆಯವನು ಯಾರೆಂಬುದು ನಿಶ್ಚಯವಾಗಿದೆ. ಅಂದು ಕೈ ಮುರಿದುಕೊಂಡ ಹುಡುಗನು ಈಗ ಐವತ್ತು ದಾಟಿದ ಗೃಹಸ್ಥ. ಸುದ್ದಿ ತಿಳಿದು ಮೊನ್ನೆ ಫೋನು ಮಾಡಿದನು. ನಾನು ಹಳೆಯ ಮಾತು ತೆಗೆದು ಕ್ಷಮೆ ಕೇಳಲು ಹೊರಟಾಗ, ನಡುವೆಯೇ ತಡೆದು, “ಸರ, ಅದನ್ನ ಬಿಡ್ರಿ. ಆ ಬಂಡಿ ಮುಂದ ಏನೈತಿ ಅಂತ ನಾ ನೋಡೇ ಇಲ್ಲ. ನನ್ನ ಮೊಮ್ಮಗಳನ್ನೂ ಕರಕೊಂಡು ಬರ್ತೀನಿ. ಹಿಂದಿನ ಸಾಲ ನಾ ಕಾಯ್ತೀನಿ” ಎಂದನು.

ನನಗೆ ಈಗ ಓಂ ದಂಡೆಯವರೆಗೆ ನಡೆಯುವ ಶಕ್ತಿ ಇದ್ದರೆ ಅದೇ ಹೆಚ್ಚು. ಅಲ್ಲಿ ಕುಳಿತು ನೀವು ಗುಡ್ಡದ ಆಚೆ ಮರೆಯಾಗುವುದನ್ನು ನೋಡುತ್ತೇನೆ. ಆದರೆ ಹಿಂದಿನ ದಿನ ಸಂಜೆ ದಂಡೆಗೆ ಹೋಗಿ ನೀರು ಏರುವ ಹೊತ್ತನ್ನು ಕೇಳಿಕೊಂಡು ಬರುವ ಕೆಲಸವನ್ನು ಮಾತ್ರ ನನಗೇ ಬಿಡಿರಿ.